ಅರಬ್ಬಿಯ ಹಟ್ಟಿಯಲ್ಲಿ ಗೋಸೇವೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಹರೈನಿಗೆ ಹೋದದ್ದು ಎಸಿ ಮೆಕ್ಯಾನಿಕ್ ಆಗಿ. ನನ್ನ ಅರಬ್ಬಿ ಧಣಿಗೆ ಆ ದ್ವೀಪದ ಹಳೆಯ ದನದ ತಳಿಯನ್ನು ಉಳಿಸುವ ಹುಚ್ಚು. ಗಿಡ್ಡ ಕಾಲಿನ ಆ ದನಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಉಳಿಸುವ ಉಪಾಯವೂ ಅವನದೇ: ಮಾಂಸಕ್ಕೆ ಬೇಡಿಕೆ ಹುಟ್ಟಿದರೆ ಜನ ತಾವಾಗಿಯೇ ಸಾಕುತ್ತಾರಂತೆ. ತಿಂದು ತಿಂದೇ ಉಳಿಸುವುದು. ಎಂಥಾ ಕರುಣೆ!

“ತುಮ್ ಹಿಂದೂ, ಗಾಯ್ ಕಾ ಕಾಮ್ ಸಬ್ ಮಾಲೂಮ್” ಎಂದು ದನದ ಹಟ್ಟಿಯ ಉಸ್ತುವಾರಿಯನ್ನೂ ನನ್ನ ತಲೆಗೆ ಕಟ್ಟಿದ. ಉಡುಪಿ ಪೇಟೆಯ ದರ್ಜಿಯ ಮಗ ನಾನು, ದನದ ಹಗ್ಗ ಹಿಡಿದವನೇ ಅಲ್ಲ. ಆದರೆ ಧಣಿಯೆದುರು ಧರ್ಮದ ಮಾನ ಕಳೆಯಲಾದೀತೇ? ಎಲ್ಲ ಗೊತ್ತು, ಮಾಲೂಮ್ ಎಂದೆ. ಹಟ್ಟಿಗೆ ನನ್ನ ಕೈಯಿಂದಲೇ ಎರಡು ಕೂಲರ್ ಹಾಕಿಸಿದ. ನಾವು ಆರು ಮಂದಿ ಮಲಗುವ ಕೋಣೆಗೆ ಒಂದು ಫ್ಯಾನು ಸಾಕಾಗಿತ್ತು. ನಮ್ಮನ್ನು ಯಾರೂ ತಿನ್ನುವವರಿರಲಿಲ್ಲವಲ್ಲ! ದನಗಳು ಮೈತುಂಬಿಕೊಂಡ ಕೂಡಲೇ, ಎರಡು ಮೂರು ವರ್ಷಕ್ಕೆಲ್ಲ, ಕಸಾಯಿಖಾನೆಯ ಪಿಕಪ್ ಬಂದು ನಿಲ್ಲುತ್ತಿತ್ತು.

ಅಮ್ಮನಿಗೆ ‘ಇಲ್ಲಿ ದನ ನೋಡಿಕೊಳ್ಳುತ್ತೇನೆ’ ಎಂದಷ್ಟೇ ಬರೆದಿದ್ದೆ. ರಜೆಗೆ ಬಂದಾಗ ಇಡೀ ಕೇರಿಗೆ ನಾನು ಗೋಸೇವಕ. ನೆರೆಮನೆಯ ಅಜ್ಜಿಯಂತೂ ಕೈ ಮುಗಿದೇ ಬಿಟ್ಟರು. ಮಧ್ಯಾಹ್ನ ಬಡಿಸುತ್ತಾ ಅಮ್ಮ ಕೇಳಿದಳು:

“ಅಲ್ಲ ಮಗಾ, ಪ್ರಾಯ ಆಗಿ ಮುದಿಯಾದ ದನಗಳನ್ನು ಅವರು ಎಂತ ಮಾಡ್ತಾರೆ? ಕಟುಕರಿಗೆ ಕೊಡುದಿಲ್ಲ ಅಲ್ವಾ?”

“ಅಲ್ಲಿ ದನಗಳಿಗೆ ಪ್ರಾಯ ಆಗುದೇ ಇಲ್ಲ ಅಮ್ಮ” ಎಂದೆ.

“ಪುಣ್ಯದ ಊರು ಮಾರಾಯ!” ಎಂದು ಅಮ್ಮ ನನ್ನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.