‘ಉದ್ಭವಿಸುವುದಿಲ್ಲ’ ಎಂಬ ಉತ್ತರ

2012ರಲ್ಲಿ ನಾನು ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಆಪ್ತ ಸಹಾಯಕನಾಗಿದ್ದೆ. ಸಚಿವಾಲಯಕ್ಕೆ ಶೀಘ್ರಲಿಪಿಗಾರರಾಗಿ ಸೇರಿದ ನನ್ನಂಥವರು ನಿಯೋಜನೆಯ ಮೇಲೆ ಹೀಗೆ ಜನಪ್ರತಿನಿಧಿಗಳ ಬಳಿ ಕೆಲಸ ಮಾಡುವುದು ಸಾಮಾನ್ಯ. ಸದಸ್ಯರ ಹೆಸರು ಇಲ್ಲಿ ಬೇಡ. ಆಗ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ತುಮಕೂರು ರಸ್ತೆಯ ಎರಡೂ ಕಡೆ ರಾಗಿ ಹೊಲಗಳಿದ್ದ ಕಾಲದಿಂದಲೂ ಅಲ್ಲೇ ನೆಲೆಸಿದ ಮನೆತನ ಅವರದು. ಟಿ. ದಾಸರಹಳ್ಳಿಯ ಅವರ ಮನೆಯ ನೆಲಮಹಡಿಯೇ ನಮ್ಮ ಕಚೇರಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಜನ ಕಾದಿರುತ್ತಿದ್ದರು. ಚರಂಡಿ, ಖಾತೆ, ಶಾಲೆಯ ಸೀಟು, ಮೆಟ್ರೋ ಕಾಮಗಾರಿಯಿಂದ ಎತ್ತಂಗಡಿಯಾದ ಬಸ್ ನಿಲ್ದಾಣ. ಯಾವ ಅರ್ಜಿ ಯಾವ ಇಲಾಖೆಗೆ ಎಂಬುದು ಮೊದಲ ಸಾಲು ಓದಿದರೆ ನನಗೆ ತಿಳಿಯುತ್ತಿತ್ತು.

ಆ ವರ್ಷದ ಬೇಸಿಗೆಯ ಒಂದು ಶನಿವಾರ ಬಂದ ಅರ್ಜಿಯನ್ನು ಮಾತ್ರ ಎರಡು ಸಲ ಓದಿದರೂ ಎಲ್ಲಿಗೆ ಕಳಿಸಬೇಕೆಂದು ತಿಳಿಯಲಿಲ್ಲ. ತಂದವರು ಡಾ. ವಿನುತಾ, ಪೀಣ್ಯದ ಧರ್ಮಾರ್ಥ ಆಸ್ಪತ್ರೆಯೊಂದರ ಜೀರ್ಣಾಂಗ ರೋಗಗಳ ವೈದ್ಯೆ. ಅವರೊಡನೆ ಇಬ್ಬರು ರೋಗಿಗಳಿದ್ದರು. ಕರುಳಿನ ಒಂದು ಬಗೆಯ ಕಾಯಿಲೆಯ ಸಂಶೋಧನೆಗೆ ಸರ್ಕಾರ ಹಣ ಕೊಡಬೇಕು, ಆ ಕಾಯಿಲೆ ಇರುವ ಕೆಲಸಗಾರರಿಗೆ ರಕ್ಷಣೆ ಕೊಡುವ ಕಾನೂನು ಬರಬೇಕು ಎಂಬುದು ಅವರ ಬೇಡಿಕೆ.

ಡಾಕ್ಟರು ನಮಗೆ ಬಿಡಿಸಿ ಹೇಳಿದರು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ಶಕ್ತಿ ದಾರಿ ತಪ್ಪಿ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಕರುಳಿನಲ್ಲಿ ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ, ದಿನಕ್ಕೆ ಹತ್ತಾರು ಸಲ ಶೌಚಾಲಯಕ್ಕೆ ಓಡಬೇಕಾಗುತ್ತದೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎಂದು ಇದರಲ್ಲಿ ಎರಡು ವಿಧ, ಸೇರಿಸಿ ಐಬಿಡಿ ಎನ್ನುತ್ತಾರೆ. ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಔಷಧದಿಂದ ಹಿಡಿತದಲ್ಲಿಡಬಹುದು. ನಮ್ಮಲ್ಲಿ ಇದನ್ನು ಕರುಳಿನ ಕ್ಷಯವೆಂದು ತಪ್ಪಾಗಿ ತಿಳಿಯುವುದೂ ಉಂಟು. ಜೊತೆಗೆ ಬಂದಿದ್ದ ಮಹಾದೇವಿಗೆ ಹಾಗೆಯೇ ಆಗಿತ್ತು, ಅವಳು ಇಲ್ಲದ ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಳು.

ಮಹಾದೇವಿ ಕೊಪ್ಪಳದ ಕಡೆಯವಳು, ವಯಸ್ಸು ಮೂವತ್ತರ ಆಸುಪಾಸು. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. ಗಂಡ ಗಾರೆ ಕೆಲಸದವನು, ಬಾಡಿಗೆಯ ಒಂದು ಕೋಣೆಯಲ್ಲಿ ಸಂಸಾರ. ಇನ್ನೊಬ್ಬ ಇರ್ಫಾನ್, ಮಾರತ್ತಹಳ್ಳಿಯಲ್ಲಿದ್ದುಕೊಂಡು ಹೊರ ವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದ. ಡಾಕ್ಟರು ತಿಂಗಳಿಗೊಮ್ಮೆ ನಡೆಸುತ್ತಿದ್ದ ರೋಗಿಗಳ ಸಭೆಗೆ ಅರ್ಧ ಊರು ಸುತ್ತಿಕೊಂಡು ಬರುತ್ತಿದ್ದ. ದಾರಿಯಲ್ಲಿ ಯಾವ ಪೆಟ್ರೋಲ್ ಬಂಕಿನ ಶೌಚಾಲಯ ತೆರೆದಿರುತ್ತದೆ, ಯಾವುದಕ್ಕೆ ಬೀಗ ಹಾಕಿರುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಾಯಿಲೆಯ ವಿಷಯ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾಹೇಬರು ಎಲ್ಲವನ್ನೂ ಕೇಳಿ, ನೋಡೋಣ ಎಂದು ಕೈಮುಗಿದು ಒಳಗೆ ಹೋದರು. ನಾನು ಹಿಂದೆಯೇ ಹೋದೆ.

“ಒಟ್ಟೆನೋವ್ಗೆ ಒಂದ್ ಕಾನೂನು ಮಾಡಿ ಅಂದ್ರೆ ಸದನದಲ್ಲಿ ನಗ್ತಾರೆ ಕಣೋ ನಾಗರಾಜು,” ಎಂದರು.

ಅವರ ಅಂಜಿಕೆಗೆ ಕಾರಣವಿತ್ತು. ಹಿಂದೊಮ್ಮೆ ಸಾರ್ವಜನಿಕ ಶೌಚಾಲಯಗಳ ಬಗ್ಗೆ ಮಾತನಾಡಲು ಎದ್ದಾಗ ಯಾರೋ ಹಾಸ್ಯ ಮಾಡಿ, ಇಡೀ ಸದನ ನಕ್ಕು, ವಿಷಯ ಅಲ್ಲಿಗೇ ಮುಗಿದಿತ್ತು. ಒಳ್ಳೆಯ ಮನುಷ್ಯ, ಆದರೆ ನಗೆಪಾಟಲಾಗುವುದನ್ನು ಮಾತ್ರ ಸಹಿಸುತ್ತಿರಲಿಲ್ಲ.

ನಾನು ಹೊರಗೆ ಬಂದು ಆ ಮೂವರಿಗೂ ಟೀ ತರಿಸಿ, ನಮ್ಮ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ವಿವರಿಸಿದೆ. ಒಬ್ಬ ಸದಸ್ಯರು ತಾವೇ ಮಸೂದೆ ಮಂಡಿಸಬಹುದು, ಇದಕ್ಕೆ ಖಾಸಗಿ ಮಸೂದೆ ಎನ್ನುತ್ತಾರೆ. ಅಂಥದ್ದು ಅಂಗೀಕಾರವಾಗುವುದು ತೀರಾ ಅಪರೂಪ. ಪ್ರಶ್ನೆ ಕೇಳುವುದು ಸುಲಭ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಹಾಕಬಹುದು. ಚುಕ್ಕೆ ಇಲ್ಲದ್ದಾದರೆ ಲಿಖಿತ ಉತ್ತರ ಮಾತ್ರ. ಮೊದಲು ಪ್ರಶ್ನೆಯಿಂದ ಶುರು ಮಾಡೋಣ, ಅದಕ್ಕೆ ನನಗೆ ನಿಮ್ಮ ದಿನ ಹೇಗೆ ಹೋಗುತ್ತದೆ ಎಂಬುದು ತಿಳಿಯಬೇಕು ಎಂದೆ. ಇರ್ಫಾನ್ ಡಾಕ್ಟರ ಮುಖ ನೋಡಿದ. ಮಹಾದೇವಿ ತಾನೇ ಹೇಳತೊಡಗಿದಳು.

“ಊಟ ಮಾಡಿದ್ರ ಹೊರಗ ಹೋಗಬೇಕಾಗ್ತೈತ್ರಿ ಸರ್. ನಾ ಎದ್ದು ಹೋದ್ರ ನನ್ನ ಹಿಂದಿನಾಕಿ ಕೈಕಟ್ಟಿ ಕುಂದ್ರತಾಳ, ಲೈನ್ ನಿಲ್ತೈತಿ. ಸೂಪರ್‌ವೈಸರ್ ಎಲ್ಲಾರ ಮುಂದ ಬೈತಾನ್ರಿ. ಅದಕ್ಕ ಕೆಲಸ ಬಿಡೂತನಾ ನಾ ಏನೂ ತಿನ್ನಂಗಿಲ್ರಿ.”

ಬುತ್ತಿಯನ್ನು ದಿನವೂ ಕಟ್ಟಿಕೊಂಡು ಹೋಗುತ್ತಿದ್ದಳಂತೆ. ಇಲ್ಲದಿದ್ದರೆ ಗಂಡ ಕೇಳುತ್ತಾನೆ. ಮಧ್ಯಾಹ್ನ ಅದನ್ನು ಪಕ್ಕದ ಮಿಷನ್‌ನವಳಿಗೆ ಕೊಟ್ಟುಬಿಡುತ್ತಿದ್ದಳು. ಔಷಧ ತೆಗೆದುಕೊಂಡರೂ ಮೈಗೆ ಹತ್ತದೆ ಸೊರಗುತ್ತಿರುವುದು ಏಕೆ ಎಂದು ತಲೆ ಕೆಡಿಸಿಕೊಂಡಿದ್ದ ಡಾಕ್ಟರು ಈ ಮಾತನ್ನು ಕೇಳಿದ್ದು ಅಂದೇ ಮೊದಲು. ಅವರು ಮಹಾದೇವಿಯ ಕೈ ಹಿಡಿದುಕೊಂಡು ಕುಳಿತರು.

ಮುಂದಿನ ವಾರ ಪ್ರಶ್ನೆಯ ಕರಡು ಸಿದ್ಧಪಡಿಸಿದೆ. ಇರ್ಫಾನ್ ಬರೆದು ತಂದಿದ್ದರಲ್ಲಿ ಆಕ್ರೋಶವೇ ಹೆಚ್ಚಿತ್ತು. ಪ್ರಶ್ನೆಯಲ್ಲಿ ವಾದ ಮಾಡುವಂತಿಲ್ಲ, ಮಾಡಿದರೆ ಅದನ್ನು ತಿರಸ್ಕರಿಸುತ್ತಾರೆ ಎಂದು ಹೇಳಿ ಮೂರು ಭಾಗ ಮಾಡಿದೆ. (ಅ) ರಾಜ್ಯದಲ್ಲಿ ಈ ಕಾಯಿಲೆಯಿಂದ ಬಳಲುತ್ತಿರುವವರ ಸಂಖ್ಯೆಯ ಬಗ್ಗೆ ಸರ್ಕಾರದ ಬಳಿ ಮಾಹಿತಿ ಇದೆಯೇ? (ಆ) ಇದ್ದಲ್ಲಿ, ಇದರ ಸಂಶೋಧನೆ ಮತ್ತು ಚಿಕಿತ್ಸೆಗೆ ಒದಗಿಸಿರುವ ಅನುದಾನವೆಷ್ಟು? (ಇ) ಇಂಥ ಕಾರ್ಮಿಕರ ಉದ್ಯೋಗ ರಕ್ಷಣೆಗೆ ಕಾನೂನು ತರುವ ಪ್ರಸ್ತಾವನೆ ಇದೆಯೇ?

ಸಾಹೇಬರು ಸಹಿ ಹಾಕಲಿಲ್ಲ. ನಾಳೆ, ನಾಡಿದ್ದು ಎಂದು ಮುಂದೂಡಿದರು. ಕೊನೆಗೆ ಒಂದು ಭಾನುವಾರ ಮಹಾದೇವಿ ತಾನೇ ಬಂದಳು. ನಗುತ್ತಾರೆ ಎಂಬ ಮಾತನ್ನು ಸಾಹೇಬರು ಅವಳ ಎದುರಿಗೂ ಆಡಿದರು, ಸ್ವಲ್ಪ ಸಂಕೋಚದಿಂದಲೇ.

“ನಗಲಿ ಬಿಡ್ರಿ ಸಾಹೇಬ್ರ,” ಎಂದಳು ಅವಳು. “ನಮ್ಮ ಲೈನಿನ್ಯಾಗ ದಿನಾ ನಗ್ತಾರ. ನಕ್ಕೋಂತನಾರ ಈ ಬ್ಯಾನಿ ಹೆಸರು ಕೇಳ್ತಾರಲ್ರಿ.”

ಸಾಹೇಬರು ನನ್ನ ಕಡೆ ಕೈಚಾಚಿ ಪೆನ್ನು ಕೇಳಿದರು.

ಮಳೆಗಾಲದ ಅಧಿವೇಶನದಲ್ಲಿ ನಮ್ಮ ಪ್ರಶ್ನೆ ಚುಕ್ಕೆ ಗುರುತಿನ ಪಟ್ಟಿಗೆ ಬಂತು. ಅದೃಷ್ಟಕ್ಕೆ ಮೊದಲ ಕೆಲವರಲ್ಲೇ ಸಾಹೇಬರ ಸರದಿ. ತಾವೂ ಬಂದು ನೋಡಬೇಕು ಎಂದು ರೋಗಿಗಳು ಕೇಳಿದರು. ನಾನು ಗ್ಯಾಲರಿಗೆ ಪಾಸು ಮಾಡಿಸಿದೆ. ಮಹಾದೇವಿ ಸಂಬಳ ಕಳೆದುಕೊಂಡು ರಜೆ ಹಾಕಿದಳು. ಇರ್ಫಾನ್ ಕಂಪನಿಯಲ್ಲಿ ಮನೆ ಮಾಲೀಕರ ಜೊತೆ ಏನೋ ಕೆಲಸವಿದೆ ಎಂದನಂತೆ. ವಿಧಾನಸೌಧದ ಮೆಟ್ಟಿಲ ಬಳಿ ಸಿಕ್ಕಾಗ, ತಿಂಡಿ ಆಯ್ತಾ ಎಂದು ವಾಡಿಕೆಯಂತೆ ಕೇಳಿದೆ. ಹಿಂದಿನ ದಿನದಿಂದ ಇಬ್ಬರೂ ನೀರಿನ ಹೊರತು ಏನನ್ನೂ ಮುಟ್ಟಿಲ್ಲವೆಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಗ್ಯಾಲರಿಯಿಂದ ಒಮ್ಮೆ ಎದ್ದು ಹೋದವರನ್ನು ಮತ್ತೆ ಬಿಡುವುದು ಕಷ್ಟ. ಬಾಗಿಲಲ್ಲಿದ್ದ ಮಾರ್ಷಲ್ ನನಗೆ ಪರಿಚಿತರು. ಅವರ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಮಹಾದೇವಿಯನ್ನೂ ಇರ್ಫಾನ್‌ನನ್ನೂ ಒಮ್ಮೆ ನೋಡಿ, ಬಾಗಿಲ ಪಕ್ಕದ ಎರಡು ಕುರ್ಚಿಗಳಲ್ಲಿದ್ದವರನ್ನು ಎಬ್ಬಿಸಿ ಮುಂದಕ್ಕೆ ಕಳಿಸಿದರು. ಯಾವಾಗ ಬೇಕಾದರೂ ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ ಎಂದರು.

ಪ್ರಶ್ನೋತ್ತರ ಅವಧಿ ಆರಂಭವಾಯಿತು. ಎರಡನೆಯ ಪ್ರಶ್ನೆ ಮುಗಿಯುವ ಮೊದಲೇ ಬೇರಾವುದೋ ವಿಷಯಕ್ಕೆ ಸದಸ್ಯರು ಎದ್ದು ನಿಂತರು, ಕೆಲವರು ಸಭಾಪತಿಗಳ ಪೀಠದ ಮುಂದೆ ಬಂದರು. ಸದನವನ್ನು ಸ್ವಲ್ಪ ಹೊತ್ತು ಮುಂದೂಡಿದರು, ಮತ್ತೆ ಸೇರಿತು, ಮತ್ತೆ ಗದ್ದಲವಾಯಿತು. ಅವಧಿ ಮುಗಿಯಿತು. ಉಳಿದ ಪ್ರಶ್ನೆಗಳ ಉತ್ತರಗಳನ್ನು ಮಂಡಿಸಲಾಗಿದೆಯೆಂದು ಭಾವಿಸಲಾಯಿತು. ಎಂದರೆ ಯಾರೂ ಎದ್ದು ನಿಲ್ಲಬೇಕಿಲ್ಲ, ಯಾರೂ ಉಪಪ್ರಶ್ನೆ ಕೇಳುವಂತಿಲ್ಲ. ಸಾಹೇಬರು ತಮ್ಮ ಜಾಗದಲ್ಲಿ ಎದ್ದು ನಿಂತು ಮೇಲೆ ಗ್ಯಾಲರಿಯತ್ತ ನೋಡಿದ್ದು ನನಗೆ ನೆನಪಿದೆ. ಆ ಹೊತ್ತಿಗೆ ಇರ್ಫಾನ್ ಎರಡು ಸಲ ಹೊರಗೆ ಹೋಗಿ ಬಂದಿದ್ದ. ಮಹಾದೇವಿ ಒಮ್ಮೆಯೂ ಎದ್ದಿರಲಿಲ್ಲ.

“ಮುಗೀತೇನ್ರಿ? ನಮ್ದು ಕರೀಲೇ ಇಲ್ಲಲ್ರಿ,” ಎಂದಳು.

ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮೊಸರನ್ನ ಕೊಡಿಸಿದೆ. ಇವತ್ತು ಕೆಲಸವಿಲ್ಲ, ತಿನ್ನಬಹುದು ಎಂದು ಅವಳು ನಿಧಾನವಾಗಿ ಪೂರ್ತಿ ತಿಂದಳು. ಅಷ್ಟರಲ್ಲಿ ನಾನು ಉತ್ತರದ ಪ್ರತಿ ತಂದೆ. (ಅ) ಈ ಕುರಿತು ಪ್ರತ್ಯೇಕ ಮಾಹಿತಿಯನ್ನು ಸಂಗ್ರಹಿಸಲಾಗಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ. (ಇ) ಸದ್ಯಕ್ಕೆ ಅಂಥ ಪ್ರಸ್ತಾವನೆ ಇರುವುದಿಲ್ಲ.

‘ಉದ್ಭವಿಸುವುದಿಲ್ಲ’ ಎಂಬುದು ನಮ್ಮ ಸದನಗಳ ಮಾಮೂಲಿ ಪದ. ಮೊದಲ ಭಾಗಕ್ಕೆ ಉತ್ತರ ಇಲ್ಲ ಎಂದಾದರೆ ಅದನ್ನು ಅವಲಂಬಿಸಿದ ಎರಡನೆಯದು ಹುಟ್ಟುವುದೇ ಇಲ್ಲ ಎಂದರ್ಥ. ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಎಷ್ಟೋ ಸಾವಿರ ಸಲ ನಾನೇ ಅದನ್ನು ಟೈಪ್ ಮಾಡಿದ್ದೇನೆ. ಇರ್ಫಾನ್ ಅದನ್ನು ಓದಿ ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟ. “ನಾವು ಇಲ್ಲಿ ಕೂತಿದೀವಿ ಸಾರ್. ನಾವು ಉದ್ಭವಿಸಲ್ವಂತೆ,” ಎಂದ. ಅವರನ್ನು ಬಸ್ಸಿಗೆ ಹತ್ತಿಸಿ ಹಿಂದಿರುಗುವಾಗ, ಈ ವಿಷಯ ಇಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡೆ.

ಎರಡು ದಿನ ಬಿಟ್ಟು ಡಾ. ವಿನುತಾ ಫೋನ್ ಮಾಡಿ ಆ ಉತ್ತರದ ದೃಢೀಕೃತ ಪ್ರತಿ ಬೇಕು ಎಂದರು. ಏಕೆಂದು ಕೇಳಿದೆ. ಪೀಣ್ಯದ ಕಾರ್ಮಿಕರಲ್ಲಿ ಈ ಕಾಯಿಲೆ ಎಷ್ಟಿದೆಯೆಂದು ಸಮೀಕ್ಷೆ ಮಾಡಲು ಅವರು ಹಿಂದೆ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದ್ದರಂತೆ. ಇದೆಲ್ಲ ಸರ್ಕಾರದ ಬಳಿ ಇದ್ದೇ ಇರುತ್ತದೆ, ಹೊಸದಾಗಿ ಏಕೆ ಎಂದು ಅನುದಾನ ಕೊಡುವವರು ಅದನ್ನು ಹಿಂದಿರುಗಿಸಿದ್ದರಂತೆ.

“ಈಗ ಇಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿದೆಯಲ್ಲ ನಾಗರಾಜ್ ಅವರೇ,” ಎಂದರು ಡಾಕ್ಟರು. “ನನಗೆ ಬೇಕಾಗಿದ್ದದ್ದು ಇದೇ.”

ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರಶ್ನೋತ್ತರಗಳ ನಡುವೆಯೇ ಇದ್ದ ನನಗೆ ಇದು ಹೊಳೆದಿರಲಿಲ್ಲ. ಸಾಹೇಬರಿಗೆ ಹೇಳಿದಾಗ ಅವರ ಮುಖ ಅರಳಿತು. ಗದ್ದಲದ ದಿನದಿಂದ ಅವರು ಮಂಕಾಗಿದ್ದರು. ಅನುದಾನದ ಅರ್ಜಿಯ ಜೊತೆ ತಮ್ಮದೊಂದು ಪತ್ರವನ್ನೂ ಕೊಟ್ಟರು. ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯನ್ನು ಖುದ್ದಾಗಿ ಕಂಡು, ಸಮೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನೆರವು ಸಿಗುವಂತೆ ಮಾಡಿದರು. ಆ ಅಧಿಕಾರಿಯೂ ಸಂತೋಷದಿಂದಲೇ ಒಪ್ಪಿದರು.

ಮರುವರ್ಷ ಅನುದಾನ ಬಂತು. ದೊಡ್ಡ ಮೊತ್ತವಲ್ಲ, ಆದರೆ ಮನೆಮನೆಗೆ ಹೋಗಿ ವಿಚಾರಿಸುವವರನ್ನು ಇಟ್ಟುಕೊಳ್ಳಲು ಸಾಕಾಗುತ್ತಿತ್ತು. ಮಹಾದೇವಿ ಗಾರ್ಮೆಂಟ್ಸ್ ಬಿಟ್ಟು ಆ ಕೆಲಸಕ್ಕೆ ಸೇರಿದಳು. ವಠಾರಗಳಲ್ಲಿ ಡಾಕ್ಟರ ಕೈಕೆಳಗೆ ಕಲಿಯುತ್ತಿದ್ದ ವಿದ್ಯಾರ್ಥಿಗಳು ಕೇಳಿದರೆ ಹೊಟ್ಟೆ ಚೆನ್ನಾಗಿದೆ ಎನ್ನುತ್ತಿದ್ದ ಹೆಂಗಸರು ಇವಳ ಜೊತೆ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರಂತೆ. ಎಷ್ಟೋ ವರ್ಷದಿಂದ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಿದ್ದವರು, ಬಸ್ ಹತ್ತಲು ಹೆದರಿ ಊರಿಗೇ ಹೋಗದವರು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಬಂದರು. ಮಹಾದೇವಿ ಊಟ ಬಿಡುತ್ತಿದ್ದ ವಿಷಯ ಮನೆಯಲ್ಲಿ ಗಂಡನಿಗೂ ತಿಳಿಯಿತು. ಅವನು ಜಗಳವಾಡಲಿಲ್ಲ, ಬೆಳಿಗ್ಗೆ ತಾನೇ ಗಂಜಿ ಕಾಸಿಕೊಡಲು ಶುರು ಮಾಡಿದ.

ಎಲ್ಲವೂ ಕೈಗೂಡಲಿಲ್ಲ. ಕೇಳಿದ ಕಾನೂನು ನಾನು ನಿವೃತ್ತನಾಗುವವರೆಗೂ ಬರಲಿಲ್ಲ. ಸಾಹೇಬರ ಅವಧಿ ಮುಗಿದು ಮತ್ತೆ ಟಿಕೆಟ್ ಸಿಗಲಿಲ್ಲ. ಇರ್ಫಾನ್‌ಗೆ ಶಸ್ತ್ರಚಿಕಿತ್ಸೆಯಾಗಿ ಕರುಳಿನ ಸ್ವಲ್ಪ ಭಾಗ ತೆಗೆದರು. ಚೇತರಿಸಿಕೊಂಡ ಮೇಲೆ ಅವನು ಕಂಪನಿಯಲ್ಲಿ ಎಲ್ಲರಿಗೂ ವಿಷಯ ತಿಳಿಸಿ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದ. ಇಷ್ಟು ದಿನ ಏಕೆ ಮುಚ್ಚಿಟ್ಟೆ ಎಂದು ಮ್ಯಾನೇಜರ್ ಕೇಳಿದರಂತೆ.

ನಿವೃತ್ತಿಯ ಮರುವರ್ಷ ಹಳೆಯ ಸಹೋದ್ಯೋಗಿಯೊಬ್ಬರು ನನಗೊಂದು ಪುಟ ಕಳಿಸಿದರು. ಬೇರೆ ಸದಸ್ಯರೊಬ್ಬರು ಅದೇ ಕಾಯಿಲೆಯ ಬಗ್ಗೆ ಪ್ರಶ್ನೆ ಕೇಳಿದ್ದರು. ಈ ಸಲ (ಅ) ಭಾಗಕ್ಕೆ, ಪೀಣ್ಯ ಪ್ರದೇಶದ ಸಮೀಕ್ಷೆಯಂತೆ ಎಂದು ಆರಂಭವಾಗಿ ಒಂದು ಸಂಖ್ಯೆ ಇತ್ತು. (ಆ) ಭಾಗದಲ್ಲಿ, ಸಮೀಕ್ಷೆಯನ್ನು ಇತರ ಕೈಗಾರಿಕಾ ಪ್ರದೇಶಗಳಿಗೆ ವಿಸ್ತರಿಸುವುದು ಪರಿಶೀಲನೆಯಲ್ಲಿದೆ ಎಂದಿತ್ತು.

ಜನಪ್ರತಿನಿಧಿಯ ಕಚೇರಿಯಲ್ಲಿ ಕುಳಿತವನು ಅರ್ಜಿದಾರರಿಗೆ ಬೇಕಾದದ್ದನ್ನು ಯಾವಾಗಲೂ ಕೊಡಿಸಲಾರ. ಆದರೆ ಅವರ ಪ್ರಶ್ನೆಯನ್ನು ಉತ್ತರ ಬರೆಯಲೇಬೇಕಾದ ಜಾಗಕ್ಕೆ ಮುಟ್ಟಿಸಬಲ್ಲ. ‘ಇಲ್ಲ’ ಎಂದೇ ಬಂದರೂ ಅದನ್ನು ಬರಹದಲ್ಲಿ ಪಡೆದು, ಬೇಕಾದವರ ಕೈಗೆ ತಲುಪಿಸಬೇಕು. ಉಳಿದದ್ದು ಅವರಿಂದ ಆಗುತ್ತದೆ. ಇಷ್ಟನ್ನು ನನಗೆ ನನ್ನ ಕೆಲಸ ಕಲಿಸಿತು.

ಆ ಪುಟವನ್ನು ಅಂದೇ ಮಹಾದೇವಿಗೆ ಫೋನಿನಲ್ಲಿ ಓದಿದೆ. ಸಂಖ್ಯೆ ಇರುವ ಸಾಲನ್ನು ಇನ್ನೊಮ್ಮೆ ಓದಿ ಎಂದಳು. ಓದಿದೆ.

“ಆ ಲೆಕ್ಕದಾಗ ನಾನೂ ಅದೀನೇನ್ರಿ ಸರ್?”

ಇದ್ದೀರಿ ಎಂದೆ.