ಕೊತ್ತಂಬರಿ ಸೊಪ್ಪಿನ ಜಾಗ

ವೆಂಬ್ಲಿಯಲ್ಲಿ ತರಕಾರಿ ಅಂಗಡಿ ಇಟ್ಟಿರುವ ಲೀನಾ ಆಂಟಿ ಮಂಗಳೂರು ಕಡೆಯವರು. ಅವರ ಅಂಗಡಿಗೆ ನಾನೊಂದು ವೆಬ್‌ಸೈಟ್ ಮಾಡಿದ್ದೆ. ಮೂರು ವಾರದ ಕೆಲಸ. ಬಣ್ಣ, ಅಕ್ಷರ, ವಿಂಗಡಣೆ ಎಲ್ಲವೂ ನನಗೇ ಜಂಬ ಬರುವಷ್ಟು ಅಚ್ಚುಕಟ್ಟು. ಲ್ಯಾಪ್‌ಟಾಪ್ ತೆರೆದು ತೋರಿಸಿದರೆ, ಆಂಟಿ ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು.

“ಕೊತ್ತಂಬರಿ ಸೊಪ್ಪು ಎಲ್ಲಿ ಮಾರಾಯ್ರೆ?”

“ಸೊಪ್ಪಿನ ಪುಟದಲ್ಲಿದೆ ಆಂಟಿ, ಪಾಲಕ್ ಪಕ್ಕ.”

“ಅಲ್ಲಿಟ್ರೆ ಯಾರು ತಗೊಳ್ತಾರೆ?”

ನನಗೆ ಸ್ವಲ್ಪ ಸಿಟ್ಟೇ ಬಂತು. ಸೊಪ್ಪನ್ನು ಸೊಪ್ಪಿನ ಜೊತೆ ಇಡದೆ ಇನ್ನೆಲ್ಲಿಡಲಿ? ಆಂಟಿ ವಾದ ಮಾಡಲಿಲ್ಲ. ಕೌಂಟರಿನ ಪಕ್ಕ ಸ್ಟೂಲ್ ಹಾಕಿ, “ಹತ್ತು ನಿಮಿಷ ಕೂತು ನೋಡಿ” ಅಂದರು.

ಕೊತ್ತಂಬರಿ ಕಟ್ಟುಗಳ ಟ್ರೇ ಕೌಂಟರಿನ ಮೇಲೇ ಇತ್ತು. ಬುಟ್ಟಿ ತುಂಬಿಸಿಕೊಂಡು ಬಂದವರೆಲ್ಲ ಕಾರ್ಡು ತೆಗೆಯುವಾಗ ಅದನ್ನು ಕಂಡು, ತಟ್ಟನೆ ನೆನಪಾದವರಂತೆ ಒಂದು ಕಟ್ಟು ಎತ್ತಿಕೊಳ್ಳುತ್ತಿದ್ದರು.

“ಪಟ್ಟಿಯಲ್ಲಿ ಯಾರೂ ಕೊತ್ತಂಬರಿ ಸೊಪ್ಪು ಬರೆಯೂದಿಲ್ಲ. ಮನೆಯಲ್ಲಿ ಸಾರು ಕುದಿಯುವಾಗಲೇ ನೆನಪಾಗೂದು. ಹಾಗಾಗಿ ನಾನು ಇಲ್ಲೇ ನೆನಪು ಮಾಡ್ತೇನೆ” ಅಂದರು ಆಂಟಿ.

ನಾನು ಸೊಪ್ಪಿನ ಜಾತಿ ನೋಡಿ ಜಾಗ ಕೊಟ್ಟಿದ್ದೆ, ಅವರು ಜನರ ಮರೆವು ನೋಡಿ ಕೊಟ್ಟಿದ್ದರು. ಮನಸ್ಸಿನಲ್ಲೇ ಕೈಮುಗಿದು, ಕೂತಲ್ಲೇ ಕೊತ್ತಂಬರಿಯನ್ನು ಹಣ ಕಟ್ಟುವ ಪುಟಕ್ಕೆ ತಂದಿಟ್ಟೆ.

ಹತ್ತಿರದ ಪಿನ್ನರ್‌ನಲ್ಲಿರುವ ನಮ್ಮ ಮನೆಗೆ ಬಂದವನೇ ಆಂಟಿಯ ಜಾಣತನವನ್ನು ಹೆಂಡತಿಗೆ ಬಣ್ಣಿಸಿ ಬಣ್ಣಿಸಿ ಹೇಳಿದೆ. ಒಲೆಯ ಮುಂದೆ ನಿಂತಿದ್ದ ಅವಳು ಪೂರ್ತಿ ಕೇಳಿ, ನನ್ನ ಖಾಲಿ ಕೈ ನೋಡಿ ಅಂದಳು:

“ಸರಿ ಕಣ್ರೀ, ನಮ್ಮ ಕೊತ್ತಂಬರಿ ಸೊಪ್ಪೆಲ್ಲಿ?”