ಮಾಟಗಾತಿಯ ರಾತ್ರಿಯೂಟ

ಗೆಳೆಯರೇ, ಸಾಂಗಲಿಯಲ್ಲಿ ಸಿನಿಮಾ ನೋಡಿ ಈಗಷ್ಟೇ ಮಿರಜಿಗೆ ಮರಳಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆಯ ದಿನಗಳಿಂದ ನಾನು ಮತ್ತೆ ಮತ್ತೆ ಓದಿದ ಇಂಗ್ಲಿಷ್ ಕಾದಂಬರಿಯ ಮಾಟಗಾತಿ, ಇರುವೆಯನ್ನೂ ಕೊಲ್ಲದ ಮುದುಕಿ. ತೆರೆಯ ಮೇಲೆ ಅವಳಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಖಡ್ಗ, ಸುತ್ತ ಹೆಣಗಳು.

ಮಗಳಿಗೂ ಸಿಟ್ಟು, ಆದರೆ ಬೇರೆಯದಕ್ಕೆ. "ಮಮ್ಮಿ, ಆಕಿ ರಾತ್ರಿ ಯಾಕ ಉಂಡಳು? ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗಿಲ್ಲಂತ ಅಜ್ಜಿ ಹೇಳಿದ್ಲಲ್ಲ?"

ಪುಸ್ತಕದಲ್ಲಿ ಅಂಥ ಮಾತೇ ಇಲ್ಲ. ನನ್ನಿಂದ ಕಥೆ ಕೇಳಿ ಮೊಮ್ಮಗಳಿಗೆ ಹೇಳಿದ್ದ ಅತ್ತೆಯವರನ್ನೇ ಕೇಳಿದೆ.

"ಹೌದವಾ, ನಾನ ಸೇರಿಸಿದ್ನಿ. ನಾವು ಜೈನರು, ರಾತ್ರಿ ಉಣ್ಣಂಗಿಲ್ಲ ಅಂದ್ರ ಎಲ್ಲಿ ಕೇಳ್ತಿದ್ಲು? ಮಾಟಗಾತಿನೂ ಉಣ್ಣಂಗಿಲ್ಲ ಅಂದ್ನಿ, ಲಗೂನ ತಾಟಿಗೆ ಕುಂತ್ಲು."

ಪಾತ್ರವನ್ನು ಅವರೂ ಬದಲಿಸಿದ್ದರು. ಆದರೆ ಅತ್ತೆಯವರಿಗೆ ಒಂದು ಮಗುವಿಗೆ ಉಣಿಸುವುದಿತ್ತು. ಮುದುಕಿಯ ಕೈಗೆ ಖಡ್ಗ ಕೊಟ್ಟವರಿಗೆ ಏನಿತ್ತು?